ಬೂಟ್ ಲೋಡರ್‌ಗೆ ಮೆಮೊರಿ ಎಷ್ಟು ಬೇಕು? ನಿಮ್ಮ ಯಂತ್ರಕ್ಕೆ ಯಾವುದು ಹೊಂದುತ್ತದೆ?

ಹೋದ ಮಳೆಗಾಲದಲ್ಲಿ ಭಾವನ ಫೋನು ಬಂತು. ಡೆಸ್ಕ್‌ಟಾಪ್‌ನ ರ‍್ಯಾಮನ್ನು 8ರಿಂದ 16 ಜಿಬಿಗೆ ಏರಿಸಿದ್ದರು. ಜೊತೆಗೆ ಹೊಸ ಗ್ರಾಫಿಕ್ಸ್ ಕಾರ್ಡು, ಹೊಸ 4ಕೆ ಮಾನಿಟರು. ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ‘ಎರರ್: ಔಟ್ ಆಫ್ ಮೆಮೊರಿ’ ಅಂತ ಒಂದು ಸಾಲು, ಅದರ ಕೆಳಗೆ ಯಾವುದಾದರೂ ಕೀಲಿ ಒತ್ತಿ ಅಂತ ಇನ್ನೊಂದು ಸಾಲು. ಒತ್ತಿದರೆ ಕರ್ನಲ್ ಪ್ಯಾನಿಕ್, ಅಂದರೆ ಲಿನಕ್ಸಿನ ತಿರುಳಾದ ಕರ್ನಲ್ಲೇ ಕೈಚೆಲ್ಲಿ ನಿಂತುಬಿಡುವುದು.

“ಹದಿನಾರು ಜಿಬಿ ಹಾಕ್ಸಿದೀನಿ ಮಾರಾಯ, ಮೆಮೊರಿ ಸಾಲ್ದು ಅಂತಿದೆಯಲ್ಲ ಇದು!”

ಅದೇ ಹೊತ್ತಿಗೆ ನನ್ನ ಮೇಜಿನ ಮೇಲೆ ಬರೀ 512 ಎಂಬಿ ರ‍್ಯಾಮಿನ ಬೀಗಲ್‌ಬೋನ್ ಬ್ಲ್ಯಾಕ್ ಬೋರ್ಡೊಂದು ತಕರಾರಿಲ್ಲದೆ ಲಿನಕ್ಸ್ ಎಬ್ಬಿಸಿಕೊಂಡು, ತೋಟದ ಪಂಪು ಯಾವಾಗ ಓಡಿತು ಯಾವಾಗ ನಿಂತಿತು ಎಂದು ಲೆಕ್ಕ ಬರೆಯುತ್ತ ಕೂತಿತ್ತು. ‘ಯಾವ ಬೂಟ್ ಲೋಡರ್‌ಗೆ ಕಡಿಮೆ ಮೆಮೊರಿ ಸಾಕು?’ ಎಂದು ಯಾರಾದರೂ ಕೇಳಿದಾಗ ನನಗೆ ಈ ಎರಡು ಯಂತ್ರಗಳು ನೆನಪಾಗುತ್ತವೆ. ಯಂತ್ರ ಆನ್ ಆದಾಗ ಕರ್ನಲ್ಲನ್ನು ಡಿಸ್ಕಿನಿಂದ ಮೆಮೊರಿಗೆ ತಂದು ಓಡಿಸುವ ಚಿಕ್ಕ ಪ್ರೋಗ್ರಾಮೇ ಬೂಟ್ ಲೋಡರ್. ಪೆಟ್ಟಿಗೆಯೊಳಗೆ ಎಷ್ಟು ಜಿಬಿ ಇದೆ ಅನ್ನುವುದನ್ನು ಬೂಟ್ ಲೋಡರ್ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಏಳುವ ಗಳಿಗೆಯಲ್ಲಿ ಅದರ ಕೈಗೆ ಸಿಗುವ ಜಾಗ ಎಷ್ಟು ಅನ್ನುವುದೇ ಲೆಕ್ಕ. ಮನೆ ಎಷ್ಟು ದೊಡ್ಡದಿದ್ದರೂ ಲಾರಿಯಿಂದ ಸಾಮಾನು ಇಳಿಸಲು ಜಗಲಿಯಷ್ಟೇ ಜಾಗ ತಾನೆ?

ಜಗಲಿಯ ಅಳತೆ

ಬಯಾಸ್ (ಆನ್ ಆದೊಡನೆ ಮೊದಲು ಓಡುವ, ಮದರ್‌ಬೋರ್ಡಿನೊಳಗಿನ ತಂತ್ರಾಂಶ) ಇರುವ ಹಳೆಯ ಪಿಸಿಯಲ್ಲಿ ಈ ಜಗಲಿ ನಂಬಲಾಗದಷ್ಟು ಚಿಕ್ಕದು. ಬಯಾಸ್ ಡಿಸ್ಕಿನ ಮೊದಲ ಸೆಕ್ಟರನ್ನು, ಅಂದರೆ 512 ಬೈಟನ್ನು, ಓದಿ ಮೆಮೊರಿಯ 31ನೇ ಕೆಬಿಯಲ್ಲಿ ಇಟ್ಟು ಕೈತೊಳೆದುಕೊಳ್ಳುತ್ತದೆ. ಆ 512ರಲ್ಲಿ ಪಾರ್ಟಿಷನ್ (ಡಿಸ್ಕಿನ ಭಾಗ) ಪಟ್ಟಿಗೆ 64 ಬೈಟ್, ಕೊನೆಯ ಸಹಿಗೆ 2 ಬೈಟ್ ಹೋದರೆ ಬೂಟ್ ಕೋಡಿಗೆ ಉಳಿಯುವುದು 446. ಈ ಪ್ಯಾರಾ ಕೂಡ ಅದರಲ್ಲಿ ಹಿಡಿಸುವುದಿಲ್ಲ. ಯೂನಿಕೋಡಿನ ಯುಟಿಎಫ್-8 ಕಡತದಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಕನಿಷ್ಠ ಮೂರು ಬೈಟ್ ಬೇಕು. 31 ಕೆಬಿ ಅನ್ನುವ ವಿಚಿತ್ರ ಅಂಕಿ 1981ರ ಐಬಿಎಂ ಪಿಸಿಯ ಕಾಲದ್ದು. 32 ಕೆಬಿ ರ‍್ಯಾಮ್ ಇರುವ ಯಂತ್ರದಲ್ಲೂ ನಡೆಯಲಿ ಎಂದು ಅದರ ಕೊನೆಯ ಒಂದು ಕೆಬಿಯನ್ನು ಬೂಟಿಗೆ ಮೀಸಲಿಟ್ಟರು. ಬಯಾಸ್ ಮೋಡಿನಲ್ಲಿ ಎದ್ದೇಳುವ ಪಿಸಿಗಳು ಆಮೇಲೆ ಎಷ್ಟೇ ದೊಡ್ಡವಾದರೂ ಆ ವಿಳಾಸ ಬದಲಾಗಲಿಲ್ಲ.

446 ಬೈಟಿನಲ್ಲಿ ಕಡತ ವ್ಯವಸ್ಥೆಯನ್ನು (ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಟ್ಟ ಬಗೆಯನ್ನು) ಓದುವ ಕೋಡು ಬರೆಯಲಾಗದು. ಹಾಗಾಗಿ ಎಲ್ಲ ಬೂಟ್ ಲೋಡರ್‌ಗಳೂ ಒಂದು ಚಿಕ್ಕ ತುಂಡನ್ನು ಮುಂದೆ ಕಳಿಸಿ, ಅದರ ಕೈಯಲ್ಲಿ ದೊಡ್ಡ ತುಂಡನ್ನು ಕರೆಸಿಕೊಳ್ಳುತ್ತವೆ. ದೊಡ್ಡ ತುಂಡನ್ನು ಎಲ್ಲಿ ಇಡುವುದು, ಅದು ಹೇಗೆ ಸಿಗುತ್ತದೆ ಅನ್ನುವುದರಲ್ಲಿ ಒಂದೊಂದರದು ಒಂದೊಂದು ದಾರಿ.

ಹಳೆಯ ಬಯಾಸ್ ಪಿಸಿ: ಗ್ರಬ್, ಸಿಸ್‌ಲಿನಕ್ಸ್, ಲಿಲೋ

ಗ್ರಬ್ 2 ಎಂಬ ಬೂಟ್ ಲೋಡರ್ ತನ್ನ ದೊಡ್ಡ ತುಂಡನ್ನು ಮೊದಲ ಸೆಕ್ಟರಿಗೂ ಮೊದಲ ಪಾರ್ಟಿಷನ್ನಿಗೂ ನಡುವಿನ ಖಾಲಿ ಜಾಗದಲ್ಲಿ ತುರುಕುತ್ತದೆ. ಹಿಂದೆ ಮೊದಲ ಪಾರ್ಟಿಷನ್ 63ನೇ ಸೆಕ್ಟರಿನಿಂದ ಶುರುವಾಗುತ್ತಿತ್ತು, ಹಾಗಾಗಿ ನಡುವೆ ಸಿಗುತ್ತಿದ್ದುದು 62 ಸೆಕ್ಟರ್, ಅಂದರೆ 31,744 ಬೈಟ್. (ಬಯಾಸ್ ಬೂಟ್ ಕೋಡನ್ನು ತಂದಿಡುವ ವಿಳಾಸವೂ ಸರಿಯಾಗಿ 31,744. ಶುದ್ಧ ಕಾಕತಾಳೀಯ, ಆದರೂ ಮೊದಲ ಸಲ ಲೆಕ್ಕ ಹಾಕಿದಾಗ ನಾನು ಪೆನ್ನು ಕೆಳಗಿಟ್ಟು ಇನ್ನೊಮ್ಮೆ ಗುಣಿಸಿದ್ದೆ.) ಸಾಮಾನ್ಯ ಡಿಸ್ಕಿಗೆ ಗ್ರಬ್‌ನ ಈ ತುಂಡು ಅದರೊಳಗೆ ಹೇಗೋ ಕೂರುತ್ತದೆ. ಡಿಸ್ಕುಗಳನ್ನು ಜೋಡಿಸಿ ಬಳಸುವ ಎಲ್‌ವಿಎಂ, ರೇಡ್, ಬೀಗ ಹಾಕುವ ಎನ್‌ಕ್ರಿಪ್ಷನ್ ಮಾಡ್ಯೂಲುಗಳು ಸೇರಿದವೋ, ಜಾಗ ವಿಪರೀತ ಕಿರಿದಾಯಿತು, ಹಿಡಿಸುವುದಿಲ್ಲ ಎಂದು ಇನ್‌ಸ್ಟಾಲ್ ಹಂತದಲ್ಲೇ ಕೈಯೆತ್ತುತ್ತದೆ. ಇದಕ್ಕೂ ರ‍್ಯಾಮಿಗೂ ಏನೇನೂ ಸಂಬಂಧವಿಲ್ಲ. ಆದರೂ ಸೈಜಿನ ಮಾತು ಬಂದದ್ದೇ ರ‍್ಯಾಮ್ ಕೊಳ್ಳಲು ಎಸ್.ಪಿ. ರೋಡಿಗೆ ಹೊರಟವರನ್ನು ನಾನೇ ತಡೆದಿದ್ದೇನೆ.

ಈಗಿನ ಉಪಕರಣಗಳು ಮೊದಲ ಪಾರ್ಟಿಷನ್ನನ್ನು 2048ನೇ ಸೆಕ್ಟರಿನಿಂದ ಶುರುಮಾಡುವುದರಿಂದ ಸುಮಾರು ಒಂದು ಎಂಬಿ ಸಿಗುತ್ತದೆ, ತಾಪತ್ರಯವಿಲ್ಲ. ಬಯಾಸ್ ಯಂತ್ರದಲ್ಲಿ ಜಿಪಿಟಿ (ಹೊಸ ಬಗೆಯ ಪಾರ್ಟಿಷನ್ ಪಟ್ಟಿ) ಡಿಸ್ಕ್ ಹಾಕುವವರು ಮಾತ್ರ ‘ಬಯಾಸ್ ಬೂಟ್’ ಎಂಬ ಒಂದು ಎಂಬಿಯ ಪುಟ್ಟ ಪಾರ್ಟಿಷನ್ನನ್ನು ತಾವೇ ಮಾಡಿಕೊಡಬೇಕು.

ಲಿಲೋದ ದಾರಿ ಬೇರೆ. ಅದಕ್ಕೆ ಕಡತ ವ್ಯವಸ್ಥೆಯ ಗಂಧವೇ ಇಲ್ಲ. ಕರ್ನಲ್ ಡಿಸ್ಕಿನ ಯಾವ್ಯಾವ ಬ್ಲಾಕಿನಲ್ಲಿದೆ ಎಂದು ಮೊದಲೇ ಪಟ್ಟಿ ಬರೆದಿಟ್ಟುಕೊಂಡು, ಬೂಟಿನಲ್ಲಿ ಆ ಪಟ್ಟಿಯಂತೆ ಕಣ್ಣುಮುಚ್ಚಿ ಓದುತ್ತದೆ. ಹೀಗಾಗಿ ಅದರ ಕೋಡು ತೀರಾ ಚಿಕ್ಕದು. ಆದರೆ ಕರ್ನಲ್ ಬದಲಾದಾಗಲೆಲ್ಲ ಲಿಲೋ ಆಜ್ಞೆಯನ್ನು ಮತ್ತೆ ಓಡಿಸದಿದ್ದರೆ ಪಟ್ಟಿ ಹಳೆಯದು, ಯಂತ್ರ ಏಳುವುದಿಲ್ಲ. ಕೆಲವು ಹಳೆಯ ಬಯಾಸ್‌ಗಳ ಕಾಟಕ್ಕೆ ಹೆದರಿ ಅದು ಇನಿಟ್‌ಆರ್‌ಡಿಯನ್ನು (ಏಳುವಾಗ ಕರ್ನಲ್ಲಿಗೆ ಬೇಕಾದ ಡ್ರೈವರುಗಳ ಗಂಟನ್ನು) ಮೊದಲ 15 ಎಂಬಿಯ ಒಳಗೇ ಇಡುತ್ತಿತ್ತು. ಮೇಲಕ್ಕೆ ಇಡಬೇಕೆಂದರೆ ಸಂರಚನೆಯಲ್ಲಿ ‘ಲಾರ್ಜ್-ಮೆಮೊರಿ’ ಅಂತ ಒಂದು ಸಾಲು ಸೇರಿಸಬೇಕಿತ್ತು. 2015ರ ಡಿಸೆಂಬರಿಗೆ ಅದರ ಅಭಿವೃದ್ಧಿ ನಿಂತಿತು. ಪ್ರೀತಿಯಿಂದ ಹೇಳುತ್ತೇನೆ, ಇನ್ನು ಹೊಸದಾಗಿ ಹಾಕಬೇಡಿ.

ಸಿಸ್‌ಲಿನಕ್ಸ್ ಇವೆರಡರ ನಡುವಿನದು. ಎಕ್ಸ್ಟ್ ಎಂಬ ಲಿನಕ್ಸ್ ಕಡತ ವ್ಯವಸ್ಥೆಯ ಪಾರ್ಟಿಷನ್ನಿಗೆ ಬಳಸುವ ಅದರ ರೂಪಕ್ಕೆ ಎಕ್ಸ್ಟ್‌ಲಿನಕ್ಸ್ ಎಂದು ಹೆಸರು. ಮುಖ್ಯ ಕಡತಗಳೆರಡೂ ಸೇರಿ 200 ಕೆಬಿ ಆಸುಪಾಸು. ಪಾರ್ಟಿಷನ್ನಿನ ಒಳಗೇ ಕೂರುವುದರಿಂದ ಮುಂದಿನ ಖಾಲಿ ಜಾಗದ ಹಂಗು ಅದಕ್ಕಿಲ್ಲ. ಸ್ಥಿರ ಆವೃತ್ತಿ 6.03 ಬಂದದ್ದು 2014ರಲ್ಲಿ, ಆಮೇಲೆ ಹೆಚ್ಚು ಅಲುಗಾಡಿಲ್ಲ. ಆದರೆ ಹಳೆಯ ಯಂತ್ರಕ್ಕೆ ಹಳೆಯ ಸಾಧನ ಸಾಕು. ನಮ್ಮೂರ ಶಾಲೆಯೊಂದಕ್ಕೆ ಯಾರೋ ದಾನ ಕೊಟ್ಟ ಪೆಂಟಿಯಂ 4 ಯಂತ್ರಗಳು, 512 ಎಂಬಿ ರ‍್ಯಾಮ್, 63ನೇ ಸೆಕ್ಟರಿನ ಹಳೇ ಪಾರ್ಟಿಷನ್ನು. ಒಳಗಿದ್ದ ಮೇಷ್ಟ್ರ ಪ್ರಶ್ನೆಪತ್ರಿಕೆಗಳನ್ನು ಅಳಿಸುವಂತಿರಲಿಲ್ಲ, ಪಾರ್ಟಿಷನ್ ಸರಿಸುವಂತೆಯೂ ಇರಲಿಲ್ಲ. ಎಕ್ಸ್ಟ್‌ಲಿನಕ್ಸ್ ಹಾಕಿ, 32 ಬಿಟ್ ಕರ್ನಲ್ ಇದ್ದ ಡೆಬಿಯನ್ 12 ಎಬ್ಬಿಸಿದೆ. ಪಾರ್ಟಿಷನ್ ಹೊಸದಾಗಿ ಮಾಡುವ ಸ್ವಾತಂತ್ರ್ಯ ಇದ್ದಿದ್ದರೆ ಕಣ್ಣುಮುಚ್ಚಿ ಗ್ರಬ್ಬನ್ನೇ ಹಾಕುತ್ತಿದ್ದೆ.

ಕರ್ನಲ್ಲಿಗೂ ಹಿಂದೆ ಇಂಥದೇ ಇಕ್ಕಟ್ಟಿತ್ತು. ‘ಝಡ್‌ಇಮೇಜ್’ ಅನ್ನುವ ಮೊದಲಿನ ರೂಪ ಕೆಳಗಿನ 640 ಕೆಬಿಯೊಳಗೇ ಇಳಿಯಬೇಕಾದ್ದರಿಂದ ಅದರ ಮಿತಿ 512 ಕೆಬಿ. ‘ಬಿಝಡ್‌ಇಮೇಜ್’ ಬಂದಮೇಲೆ ಕರ್ನಲ್ಲನ್ನು ಒಂದು ಎಂಬಿಯಿಂದ ಮೇಲಕ್ಕೆ ಇಳಿಸುವುದು ರೂಢಿಯಾಯಿತು. ಅಲ್ಲಿನ ‘ಬಿ’ ಅಂದರೆ ಬಿಗ್, ದೊಡ್ಡದು ಅಂತ. ಬಿಝಿಪ್ (ಕಡತ ಕುಗ್ಗಿಸುವ ಒಂದು ವಿಧಾನ) ಅಂತ ತಿಳಿದವರು ಈಗಲೂ ಸಿಗುತ್ತಾರೆ.

ಯುಇಎಫ್‌ಐ ಯಂತ್ರ: ಭಾವನ ತಕರಾರು

ಬಯಾಸ್ ಜಾಗಕ್ಕೆ ಯುಇಎಫ್‌ಐ ಎಂಬ ಹೊಸ ಫರ್ಮ್‌ವೇರ್ (ಮದರ್‌ಬೋರ್ಡಿನೊಳಗಿನ ತಂತ್ರಾಂಶ) ಬಂದಮೇಲೆ 446 ಬೈಟಿನ ಗೋಳು ತಪ್ಪಿತು. ಫರ್ಮ್‌ವೇರೇ ಫ್ಯಾಟ್ ಎಂಬ ಸರಳ ಕಡತ ವ್ಯವಸ್ಥೆಯ ಪಾರ್ಟಿಷನ್ ಓದುತ್ತದೆ, ಮೆಮೊರಿ ಕೇಳಿದರೆ ಕೊಡುತ್ತದೆ. ಹಾಗಿದ್ದೂ 16 ಜಿಬಿ ಯಂತ್ರ ಏಕೆ ಮುಗ್ಗರಿಸಿತು?

ಗ್ರಬ್ ತನ್ನ ಅಡುಗೆಮನೆಯನ್ನು ತಾನೇ ಹೊತ್ತು ತರುವ ಭಟ್ಟರ ಹಾಗೆ. ಕಡತ ವ್ಯವಸ್ಥೆಯ ಡ್ರೈವರುಗಳು, ಫಾಂಟು, ಚಿತ್ರದ ಮೆನು, ಮೆಮೊರಿ ಹಂಚಿಕೆ, ಎಲ್ಲವೂ ಅದರ ಸ್ವಂತದ್ದು. ಆವೃತ್ತಿ 2.06ರವರೆಗೆ ಅದು ಶುರುವಿನಲ್ಲೇ ಫರ್ಮ್‌ವೇರ್ ಹತ್ತಿರ ಒಂದು ಪಾಲು ಮೆಮೊರಿ ಕೇಳಿ ತೆಗೆದುಕೊಳ್ಳುತ್ತಿತ್ತು, ಆಮೇಲೆ ಏನೇ ಬೇಕಾದರೂ ಅಷ್ಟರೊಳಗೇ. ಆ ಪಾಲು ಸಿಗುವುದೂ ಕೆಳಗಿನ 4 ಜಿಬಿಯ ಒಳಗೆ, ಫರ್ಮ್‌ವೇರ್ ತನಗೆಂದು ಹಿಡಿದುಕೊಂಡದ್ದು ಕಳೆದು ಉಳಿದ ಚೂರುಗಳಲ್ಲಿ. ಭಾವ ಹೊಸದಾಗಿ ಹಾಕಿಸಿದ 8 ಜಿಬಿ ಅದರ ಕಣ್ಣಿಗೇ ಬೀಳಲಿಲ್ಲ.

ಇನ್ನು ಖರ್ಚು ನೋಡಿ. 1920×1080ರ ಪರದೆಗೆ ಒಂದೊಂದು ಚುಕ್ಕೆಗೆ 4 ಬೈಟಿನಂತೆ ಸುಮಾರು 8 ಎಂಬಿ. 4ಕೆ ಪರದೆಗೆ ಅದರ ನಾಲ್ಕರಷ್ಟು, 33 ಎಂಬಿ. ಚಿತ್ರ ಮಿನುಗದಿರಲಿ ಎಂದು ಇನ್ನೊಂದು ಪ್ರತಿ ಇಟ್ಟುಕೊಂಡರೆ ಅದರ ದುಪ್ಪಟ್ಟು. ಯೂನಿಕೋಡ್ ಫಾಂಟಿನ ಕಡತ ಎರಡು ಎಂಬಿಗಿಂತ ಹೆಚ್ಚು. (ಅಷ್ಟಿದ್ದೂ ಗ್ರಬ್ ಮೆನುವಿನಲ್ಲಿ ಕನ್ನಡ ಹಾಕಿದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಕೂರುತ್ತವೆ. ಅಕ್ಷರ ಜೋಡಿಸುವ ಯಂತ್ರ ಅದರೊಳಗಿಲ್ಲ. ನಾನು ಒಮ್ಮೆ ‘ಶಿವಮೊಗ್ಗ’ ಎಂದು ಹಾಕಲು ಹೋಗಿ ಕೈಬಿಟ್ಟೆ.) ಇದೆಲ್ಲ ಆದಮೇಲೆ ಇನಿಟ್‌ಆರ್‌ಡಿ. ಅದನ್ನು ಇಳಿಸಲು ಒಂದೇ ಅಖಂಡ ತುಂಡು ಬೇಕು, ಚೂರುಪಾರು ಸೇರಿಸಿ ಕೊಡುವಂತಿಲ್ಲ. ಗ್ರಾಫಿಕ್ಸ್ ಡ್ರೈವರು, ಅದರ ಫರ್ಮ್‌ವೇರು ಎಲ್ಲ ಸೇರಿ ಭಾವನ ಇನಿಟ್‌ಆರ್‌ಡಿ 150 ಎಂಬಿ ದಾಟಿತ್ತು. ಹೊಸ ಕಾರ್ಡು ಮತ್ತು 4ಕೆ ಮಾನಿಟರು ಎರಡೂ ಒಟ್ಟಿಗೆ ಬಂದದ್ದೇ ಕಂಟಕ.

ಗ್ರಬ್ 2.12ರಲ್ಲಿ (2023ರ ಡಿಸೆಂಬರ್) ಇದಕ್ಕೆ ಮದ್ದು ಬಂತು. ಮೆಮೊರಿ ಸಾಲದಾದಾಗ ನಡುವೆಯೇ ಫರ್ಮ್‌ವೇರ್ ಹತ್ತಿರ ಇನ್ನಷ್ಟು ಕೇಳಲು ಅದು ಕಲಿತಿದೆ. ಹಳೆಯ ಗ್ರಬ್‌ನಲ್ಲೇ ಇರಬೇಕಾದವರಿಗೆ ಎರಡು ದಾರಿ. ಗ್ರಬ್ ಸಂರಚನೆಯಲ್ಲಿ ಮೆನುವಿನ ಪರದೆಯ ಅಳತೆ ಹೇಳುವ ಜಿಎಫ್‌ಎಕ್ಸ್‌ಮೋಡ್ ಸಾಲಿನಲ್ಲಿ 1024×768 ಬರೆದು ಅಪ್‌ಡೇಟ್-ಗ್ರಬ್ ಓಡಿಸಿ. ಡೆಬಿಯನ್, ಉಬುಂಟು ಬಳಗದವರಾದರೆ ಇನಿಟ್‌ಆರ್‌ಡಿ ತಯಾರಿಸುವ ಇನಿಟ್‌ರಾಮ್‌ಎಫ್‌ಎಸ್ ಸಂರಚನೆಯಲ್ಲಿ ಮಾಡ್ಯೂಲ್ಸ್ ಎಂಬ ಸಾಲು ‘ಮೋಸ್ಟ್’ ಎಂದಿರುತ್ತದೆ, ಅಂದರೆ ಜಗತ್ತಿನ ಹೆಚ್ಚುಕಡಿಮೆ ಎಲ್ಲ ಯಂತ್ರಗಳಿಗೂ ಬೇಕಾದ ಡ್ರೈವರು. ಅದನ್ನು ‘ಡೆಪ್’ ಮಾಡಿದರೆ ನಿಮ್ಮ ಯಂತ್ರಕ್ಕೆ ಬೇಕಾದಷ್ಟು ಮಾತ್ರ ಸೇರುತ್ತದೆ. ಒಂದು ಎಚ್ಚರಿಕೆ: ಆಮೇಲೆ ಅದೇ ಡಿಸ್ಕನ್ನು ಬೇರೆ ಮದರ್‌ಬೋರ್ಡಿಗೆ ಹಾಕಿದರೆ ಏಳದೆಯೂ ಇರಬಹುದು.

ಸಿಸ್ಟಮ್‌ಡಿ-ಬೂಟ್ ಎಂಬ ಇನ್ನೊಂದು ಬೂಟ್ ಲೋಡರ್ ಅಡುಗೆಮನೆ ತರುವುದಿಲ್ಲ, ಫರ್ಮ್‌ವೇರ್ ಬಡಿಸಿದ್ದನ್ನೇ ಉಣ್ಣುತ್ತದೆ. ಮೊದಲು ಗಮ್ಮಿಬೂಟ್ ಎಂದಿದ್ದದ್ದು 2015ರಲ್ಲಿ ಲಿನಕ್ಸಿನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯೊಳಗೆ ಸೇರಿತು. ಇಡೀ ಪ್ರೋಗ್ರಾಮು ಒಂದೆರಡು ನೂರು ಕೆಬಿ. ಗ್ರಬ್‌ನ ಸಹಿ ಮಾಡಿದ ಯುಇಎಫ್‌ಐ ಕಡತ ಎರಡು ಎಂಬಿ ಆಸುಪಾಸು ಇರುವಾಗ ಇದು ನುಸಿ. ಚಿತ್ರ ಇಲ್ಲ, ಥೀಮಿಲ್ಲ, ಇನಿಟ್‌ಆರ್‌ಡಿಯನ್ನು ಇಳಿಸುವ ಕೆಲಸವನ್ನು ಕರ್ನಲ್ಲಿನೊಳಗಿರುವ ಯುಇಎಫ್‌ಐ ತುಣುಕೇ ನೇರವಾಗಿ ಫರ್ಮ್‌ವೇರ್ ಮೆಮೊರಿಯಲ್ಲಿ ಮಾಡಿಕೊಳ್ಳುತ್ತದೆ. ಮೆಮೊರಿಯ ದೃಷ್ಟಿಯಿಂದ ನೋಡಿದರೆ ಗೆಲುವು ಇದರದ್ದೇ.

ಆದರೆ ಅದು ಉಳಿಸಿದ್ದನ್ನು ಇನ್ನೊಂದು ಕಡೆ ತೆರಬೇಕು. ಕರ್ನಲ್ಲು, ಇನಿಟ್‌ಆರ್‌ಡಿ ಎರಡೂ ಇಎಸ್‌ಪಿ ಎಂಬ ಫ್ಯಾಟ್ ಪಾರ್ಟಿಷನ್ನಿನಲ್ಲಿ ಇರಬೇಕು, ಇಲ್ಲವೇ ಅದಕ್ಕೆಂದೇ ಇನ್ನೊಂದು ಬೂಟ್ ಪಾರ್ಟಿಷನ್ ಮಾಡಬೇಕು. ವಿಂಡೋಸ್ ಮೊದಲು ಹಾಕಿದ ಲ್ಯಾಪ್‌ಟಾಪಿನಲ್ಲಿ ಇಎಸ್‌ಪಿ ಸಾಮಾನ್ಯವಾಗಿ 100 ಎಂಬಿ. ಎರಡು ಕರ್ನಲ್ ಹಾಕುವಷ್ಟರಲ್ಲಿ ತುಂಬಿ ತುಳುಕುತ್ತದೆ. ಹೊಸದಾಗಿ ಪಾರ್ಟಿಷನ್ ಮಾಡುವವರು ಒಂದು ಜಿಬಿ ಕೊಟ್ಟುಬಿಡಿ, ಜಿಪುಣತನ ಬೇಡ. ಡ್ಯುಯಲ್ ಬೂಟ್ (ಒಂದೇ ಯಂತ್ರದಲ್ಲಿ ಎರಡು ಓಎಸ್) ಇದ್ದು ಇಎಸ್‌ಪಿ ಹಿಗ್ಗಿಸಲು ಧೈರ್ಯವಿಲ್ಲದವರಿಗೆ ಗ್ರಬ್ಬೇ ಲೇಸು, ಅದು ಕರ್ನಲ್ಲನ್ನು ಎಕ್ಸ್ಟ್4 ಪಾರ್ಟಿಷನ್ನಿನಿಂದಲೇ ಓದುತ್ತದೆ.

2012ರ ಲಿನಕ್ಸ್ 3.3ರಿಂದ ಕರ್ನಲ್ಲೇ ಯುಇಎಫ್‌ಐ ಪ್ರೋಗ್ರಾಮಿನಂತೆ ಏಳಬಲ್ಲದು, ಬೂಟ್ ಲೋಡರೇ ಬೇಡ. ಅದಕ್ಕಿಂತ ಕಡಿಮೆ ಮೆಮೊರಿ ಸಾಧ್ಯವಿಲ್ಲ. ಮೆನು ಇಲ್ಲದೆ ಬದುಕಬಲ್ಲ, ಕರ್ನಲ್ ಕೆಟ್ಟರೆ ಪೆನ್‌ಡ್ರೈವ್ ಹುಡುಕಬಲ್ಲ ತಾಳ್ಮೆವಂತರಿಗೆ ಮಾತ್ರ. ರೆಫೈಂಡ್ ಎಂಬ ಬೂಟ್ ಮೆನು ಚಂದದ ಐಕಾನುಗಳೊಂದಿಗೆ ಬರುತ್ತದೆ, ಮೂರು ನಾಲ್ಕು ಓಎಸ್ ಇಟ್ಟುಕೊಂಡವರಿಗೆ ಹಿತ. ಮೆಮೊರಿ ಲೆಕ್ಕದಲ್ಲಿ ಅದರ ಬಗ್ಗೆ ತಲೆಕೆಡಿಸಿಕೊಳ್ಳುವಂಥದ್ದು ಏನಿಲ್ಲ.

ಡಿಸ್ಕಿಗೆ ಬೀಗ ಹಾಕುವವರು ಇದನ್ನು ಓದಿ

ಪೂರ್ತಿ ಡಿಸ್ಕನ್ನು ಲಕ್ಸ್ 2 ಎಂಬ ಲಿನಕ್ಸ್ ಬೀಗದ ವ್ಯವಸ್ಥೆಯಿಂದ ಎನ್‌ಕ್ರಿಪ್ಟ್ ಮಾಡುವಾಗ ಪಾಸ್‌ವರ್ಡಿನಿಂದ ಕೀಲಿ ತೆಗೆಯಲು ಆರ್ಗಾನ್2 ಎಂಬ ವಿಧಾನ ಬಳಕೆಯಾಗುತ್ತದೆ. ಕದಿಯುವವನಿಗೆ ಕಷ್ಟವಾಗಲಿ ಎಂದೇ ಅದು ಬೇಕೆಂತಲೇ ಮೆಮೊರಿ ನುಂಗುತ್ತದೆ, ಗರಿಷ್ಠ ಒಂದು ಜಿಬಿವರೆಗೆ. ಗ್ರಬ್ 2.06 ಲಕ್ಸ್ 2 ಓದಲು ಕಲಿತರೂ ಅದಕ್ಕೆ ಗೊತ್ತಿದ್ದದ್ದು ಪಿಬಿಕೆಡಿಎಫ್2 ಎಂಬ ಹಳೆಯ ವಿಧಾನ ಮಾತ್ರ. ನನ್ನ ಸಲಹೆ ಸರಳ: ಬೂಟ್ ಪಾರ್ಟಿಷನ್ನನ್ನು ತೆರೆದಿಟ್ಟು ಉಳಿದದ್ದಕ್ಕೆ ಬೀಗ ಹಾಕಿ. ಬೀಗ ತೆಗೆಯುವ ಹೊತ್ತಿಗೆ ಕರ್ನಲ್ ಎದ್ದಿರುತ್ತದೆ, ಇಡೀ ರ‍್ಯಾಮ್ ಅದರ ಕೈಯಲ್ಲಿರುತ್ತದೆ.

ಎಷ್ಟು ಮೆಮೊರಿ ಬೇಕೆನ್ನುವುದು ಬೀಗ ಹಾಕಿದ ದಿನವೇ ತೀರ್ಮಾನವಾಗಿರುತ್ತದೆ ಅನ್ನುವುದು ಹಲವರಿಗೆ ಹೊಳೆಯುವುದಿಲ್ಲ. 16 ಜಿಬಿ ಯಂತ್ರದಲ್ಲಿ ಬೀಗ ಹಾಕಿದ ಡಿಸ್ಕನ್ನು 512 ಎಂಬಿ ಬೋರ್ಡಿಗೆ ಸಿಕ್ಕಿಸಿದರೆ ಪಾಸ್‌ವರ್ಡ್ ಸರಿಯಿದ್ದರೂ ತೆರೆಯುವುದಿಲ್ಲ.

ಸಣ್ಣ ಬೋರ್ಡುಗಳು: ಯು-ಬೂಟ್

ಈ ಲೋಕದಲ್ಲಿ ಆಯ್ಕೆ ಕಡಿಮೆ, ಲೆಕ್ಕಾಚಾರ ಜಾಸ್ತಿ. ಬೋರ್ಡಿಗೆ ವಿದ್ಯುತ್ ಬಂದಾಗ ಡಿಡಿಆರ್, ಅಂದರೆ ಮುಖ್ಯ ರ‍್ಯಾಮ್ ಇನ್ನೂ ನಿದ್ದೆಯಲ್ಲಿರುತ್ತದೆ, ಅದನ್ನು ಎಬ್ಬಿಸುವುದೂ ಬೂಟ್ ಲೋಡರ್ ಕೆಲಸವೇ. ಅಲ್ಲಿಯವರೆಗೆ ಚಿಪ್ಪಿನೊಳಗಿರುವ ಪುಟ್ಟ ಎಸ್‌ರ‍್ಯಾಮಿನಲ್ಲೇ ಸಂಸಾರ. ಹಾಗಾಗಿ ಇಲ್ಲಿನ ಬೂಟ್ ಲೋಡರ್ ಯು-ಬೂಟ್ ಎರಡು ತುಂಡು: ಎಸ್‌ಪಿಎಲ್ ಎಂಬ ಚಿಕ್ಕದು ಬಂದು ಡಿಡಿಆರ್ ಎಬ್ಬಿಸುತ್ತದೆ, ಆಮೇಲೆ ಪೂರ್ಣ ಯು-ಬೂಟ್ ಬಂದು ತನ್ನನ್ನು ತಾನು ರ‍್ಯಾಮಿನ ತುತ್ತತುದಿಗೆ ಎತ್ತಿಟ್ಟುಕೊಂಡು ಕೆಳಗಿನ ಜಾಗವನ್ನು ಕರ್ನಲ್ಲಿಗೆ ಬಿಟ್ಟುಕೊಡುತ್ತದೆ.

ನನ್ನ ಬೀಗಲ್‌ಬೋನಿನ ಎಎಂ335ಎಕ್ಸ್ ಚಿಪ್ಪಿನಲ್ಲಿ ಈ ಚಿಕ್ಕ ತುಂಡು 109 ಕೆಬಿ ಮೀರುವಂತಿಲ್ಲ. ಆಲ್‌ವಿನ್ನರ್ ಎಚ್3 ಚಿಪ್ಪಿನ ಬೋರ್ಡುಗಳಲ್ಲಿ ಇನ್ನೂ ಇಕ್ಕಟ್ಟು. ಚಿಪ್ಪಿನೊಳಗೇ ಅಚ್ಚಾಗಿರುವ ಬೂಟ್ ರಾಮ್ (ROM) ಎಸ್‌ಡಿ ಕಾರ್ಡಿನ 8ನೇ ಕೆಬಿಯಿಂದ ಶುರುಮಾಡಿ ಓದುವುದು 32 ಕೆಬಿಯಷ್ಟೇ. ಎಸ್‌ಪಿಎಲ್‌ಗೆ ಅದೂ ಇರಲಿ ಇದೂ ಇರಲಿ ಎಂದು ಸೌಲಭ್ಯ ಸೇರಿಸುತ್ತ ಹೋದರೆ ಬಿಲ್ಡ್ ಮಾಡುವಾಗಲೇ ಕೋಡಿನ ತುಂಡುಗಳನ್ನು ಹೊಲಿಯುವ ಲಿಂಕರ್ ಬೈಯುತ್ತದೆ. ಬೈದರೆ ಒಳ್ಳೆಯದೇ.

ಬೈಯದೇ ಕೆಡುವುದು ವಿಳಾಸಗಳ ವಿಚಾರ. ಕರ್ನಲ್ಲಿಗೆ ಒಂದು ವಿಳಾಸ, ಇನಿಟ್‌ಆರ್‌ಡಿಗೆ ಒಂದು, ಡಿವೈಸ್ ಟ್ರೀಗೆ (ಬೋರ್ಡಿನ ಯಂತ್ರಾಂಶದ ಪಟ್ಟಿಗೆ) ಇನ್ನೊಂದು ಎಂದು ಯು-ಬೂಟ್‌ನಲ್ಲಿ ನಾವೇ ಹೇಳಿರುತ್ತೇವೆ. ಕರ್ನಲ್ 10 ಎಂಬಿ ಇದ್ದ ಕಾಲದಲ್ಲಿ 16 ಎಂಬಿ ಅಂತರ ಬಿಟ್ಟಿದ್ದರೆ ಧಾರಾಳ. ಅದೇ ಕರ್ನಲ್ 30 ಎಂಬಿಗೆ ಬೆಳೆದರೆ ಎರಡನೆಯದು ಇಳಿಯುವಾಗ ಮೊದಲನೆಯದನ್ನು ತುಳಿಯುತ್ತದೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿ ಇಳಿದುಹೋದವನ ಕತೆ. ಬಂದು ನೋಡಿದರೆ ಅಲ್ಲಿ ಇನ್ನೊಬ್ಬ. ಯಂತ್ರ ಒಮ್ಮೊಮ್ಮೆ ದೂರುತ್ತದೆ, ಒಮ್ಮೊಮ್ಮೆ ‘ಸ್ಟಾರ್ಟಿಂಗ್ ಕರ್ನಲ್’ ಎಂದು ಹೇಳಿ ಮೌನವಾಗುತ್ತದೆ. ಆ ಮೌನದ ಎದುರು ಸೀರಿಯಲ್ ಕೇಬಲ್ ಹಿಡಿದುಕೊಂಡು ನಾನು ಒಂದಿಡೀ ಭಾನುವಾರ ಕೂತಿದ್ದೇನೆ. ಕರ್ನಲ್ ಅಪ್‌ಡೇಟ್ ಆದಮೇಲೆ ಬೋರ್ಡು ಏಳದಿದ್ದರೆ ಮೊದಲು ಕಡತಗಳ ಗಾತ್ರ, ಆಮೇಲೆ ವಿಳಾಸಗಳ ಅಂತರ, ಇವೆರಡನ್ನು ಕಾಗದದ ಮೇಲೆ ಕೂಡಿಸಿ ನೋಡಿ.

ರಾಸ್ಪ್‌ಬೆರಿ ಪೈ ಇಟ್ಟುಕೊಂಡವರಿಗೆ ಮೊದಲ ಹಂತದಲ್ಲಿ ಆಯ್ಕೆಯೇ ಇಲ್ಲ, ಅಲ್ಲಿ ಬೂಟು ಶುರುವಾಗುವುದು ಗ್ರಾಫಿಕ್ಸ್ ಭಾಗದಲ್ಲಿ. ಕಾನ್ಫಿಗ್ ಕಡತದ ‘ಜಿಪಿಯು ಮೆಮ್’ ಸಾಲನ್ನು ಮಾತ್ರ ನೋಡಿಕೊಳ್ಳಿ. ಪರದೆ ಇಲ್ಲದೆ ಓಡುವ ಹಳೆಯ 512 ಎಂಬಿ ಪೈಗೆ ಅಲ್ಲಿ 16 ಕೊಟ್ಟರೆ ಉಳಿದದ್ದೆಲ್ಲ ಲಿನಕ್ಸಿಗೆ.

ಕೊಳ್ಳುವ ಮೊದಲು ಅಳೆಯಿರಿ

ಗ್ರಬ್ ಮೆನುವಿನಲ್ಲಿ ‘ಸಿ’ ಒತ್ತಿ ‘ಎಲ್‌ಎಸ್‌ಎಂಮ್ಯಾಪ್’ ಎಂದು ಕೊಟ್ಟರೆ ಫರ್ಮ್‌ವೇರ್ ಯಾವ ಜಾಗ ಬಿಟ್ಟಿದೆ, ಯಾವುದನ್ನು ಹಿಡಿದುಕೊಂಡಿದೆ ಎಂಬ ನಕ್ಷೆ ಬರುತ್ತದೆ. ಯು-ಬೂಟ್‌ನಲ್ಲಿ ‘ಬಿಡಿಇನ್ಫೋ’. ಲಿನಕ್ಸಿನಲ್ಲಿ ಬೂಟ್ ಕೋಶದ ಕಡತಗಳ ಗಾತ್ರ ನೋಡಿ. ಇನಿಟ್‌ಆರ್‌ಡಿ ಕುಗ್ಗಿಸಿದ ರೂಪದಲ್ಲಿ ಇಳಿದು ಅಲ್ಲೇ ಬಿಚ್ಚಿಕೊಳ್ಳುವುದರಿಂದ ಸ್ವಲ್ಪ ಹೊತ್ತು ಎರಡೂ ರೂಪ ರ‍್ಯಾಮಿನಲ್ಲಿ ಇರುತ್ತವೆ. 512 ಎಂಬಿಯ ಯಂತ್ರದಲ್ಲಿ 100 ಎಂಬಿಯ ಇನಿಟ್‌ಆರ್‌ಡಿ ಇದ್ದರೆ ಯಾವ ಬೂಟ್ ಲೋಡರ್ ಹಾಕಿದರೂ ಸಂಕಟವೇ.

ವಿಂಡೋಸ್ ಜೊತೆಗಿಟ್ಟುಕೊಂಡವರಿಗೆ ಒಂದು ಮಾತು. ಎಂಎಸ್‌ಕಾನ್ಫಿಗ್‌ನ ಬೂಟ್ ಪುಟದ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ‘ಮ್ಯಾಕ್ಸಿಮಮ್ ಮೆಮೊರಿ’ ಎಂಬ ಚೌಕವಿದೆ. ಗುರುತು ಹಾಕಿದರೆ ವೇಗ ಹೆಚ್ಚುತ್ತದೆ ಎಂದು ವಿಡಿಯೋಗಳಲ್ಲಿ ಹೇಳುವವರಿದ್ದಾರೆ. ಅದು ಮೆಮೊರಿಗೆ ಕತ್ತರಿ ಹಾಕುವ ಚೌಕ, ಕೂಡಿಸುವುದಲ್ಲ. ಗುರುತು ಇದ್ದರೆ ತೆಗೆಯಿರಿ.

ಭಾವನ ಯಂತ್ರಕ್ಕೆ ಕೊನೆಗೆ ಗ್ರಬ್ಬನ್ನೇ ಉಳಿಸಿದೆ. ಅವರ ಇಎಸ್‌ಪಿ 100 ಎಂಬಿಯದ್ದು, ವಿಂಡೋಸಿನಲ್ಲಿ ಅಕ್ಕನ ಟ್ಯಾಲಿ ಇತ್ತು, ಮುಟ್ಟಲು ಕೈ ಬರಲಿಲ್ಲ. ಮೆನುವಿನಲ್ಲಿ ಹಳೆಯ ಕರ್ನಲ್ಲಿನದೊಂದು ಚಿಕ್ಕ ಇನಿಟ್‌ಆರ್‌ಡಿ ಉಳಿದಿತ್ತು, ಅದರಿಂದ ಎಬ್ಬಿಸಿ, ಫೋನಿನಲ್ಲೇ ಒಂದೊಂದು ಸಾಲಾಗಿ ಹೇಳುತ್ತ ಜಿಎಫ್‌ಎಕ್ಸ್‌ಮೋಡ್ ಇಳಿಸಿ, ‘ಮೋಸ್ಟ್’ ಅನ್ನು ‘ಡೆಪ್’ ಮಾಡಿಸಿದೆ. ಇನಿಟ್‌ಆರ್‌ಡಿ ಅರ್ಧಕ್ಕೂ ಕೆಳಗಿಳಿಯಿತು. ರೀಬೂಟ್ ಆಗಿ ಲಾಗಿನ್ ಪರದೆ ಬಂದದ್ದು ಅವರ ಉಸಿರಿನಲ್ಲೇ ಗೊತ್ತಾಯಿತು. ಒಂದು ಕ್ಷಣ ಬಿಟ್ಟು ಕೇಳಿದರು:

“ಹಂಗಾರೆ ಆ ಎಂಟು ಜಿಬಿ ವಾಪಸ್ ತಗೋತಾನಾ ಅಂಗಡಿಯವ?”